ಕುಚ್ಚಕ್ಕ ಗುಡಿಸಿದ ಗುಡ್ಡ

ಮೋಡಗಲ್ಲು ಬೆಟ್ಟದ ಓರೆಯಲ್ಲಿ ಕುಚ್ಚಕ್ಕ ಎಂಬ ಕೆಂಜಳಿಲು ಇದ್ದಳು, ಮಕ್ಕಳೇ. ಅವಳಿಗೆ ಮೈಗಿಂತ ಬಾಲ ದೊಡ್ಡದು, ಬಾಲಕ್ಕಿಂತ ಅವಸರ ದೊಡ್ಡದು.

ಒಂದು ವರ್ಷ ಮಳೆ ಎಂದೂ ಇಲ್ಲದ ಹಾಗೆ ಸುರಿದು ಗುಡ್ಡವೇ ಜಾರಿತು. ಕುಚ್ಚಕ್ಕನ ನೇರಳೆ ಮರ ಗೂಡಿನ ಸಮೇತ ಹಳ್ಳ ಸೇರಿತು. ಪಾಪ, ಅವಳು ತಮ್ಮನ ಗೂಡಿಗೆ ಬಂದಳು.

"ಬಾಲ ಹೊರಗಿಟ್ಟು ಮಲಗಿ ಅತ್ತಿಗೆ, ಮಕ್ಕಳಿಗೆ ಜಾಗ ಸಾಲದು" ಎಂದಳು ತಮ್ಮನ ಹೆಂಡತಿ. ಕುಚ್ಚಕ್ಕನಿಗೆ ಅಳುವೇ ಬಂತು. ಹೇಗಾದರೂ ಸ್ವಂತ ಮರ ಬೇಕು, ಬೇಗ ಬೇಕು.

ಮರುವರ್ಷ ಜಾರಿದ ಗುಡ್ಡದಲ್ಲಿ ಬೆರಳುದ್ದದ ಏಳು ನೇರಳೆ ಸಸಿಗಳು ಎದ್ದವು. ಸುತ್ತಲೂ ಅಗಲ ಎಲೆಯ ಕುರುಚಲು ಗಿಡಗಳು ಒತ್ತಾಗಿ ಬೆಳೆದಿದ್ದವು.

"ಈ ಕಸಕ್ಕೆ ಇಲ್ಲೇನು ಕೆಲಸ?" ಎಂದು ಕುಚ್ಚಕ್ಕ ಸಿಡುಕಿದಳು.

"ಕೀಳಬೇಡ ಕಣೇ" ಎಂದಳು ಮುಳ್ಳುಹಂದಿ ಅಜ್ಜಿ. "ಜಾರಿದ ನೆಲಕ್ಕೆ ಮೊದಲು ಬರುವುದೇ ಅವು. ಈಗೀಗ ಬೆಟ್ಟಕ್ಕೂ ಸೆಕೆ ಹೆಚ್ಚಿದೆ. ಸಸಿಗಳಿಗೆ ಅವೇ ಕೊಡೆ."

"ಕೊಡೆ ಹಿಡಿಸಿಕೊಳ್ಳೋಕೆ ನನ್ನ ಸಸಿಗಳೇನು ಮದುಮಕ್ಕಳೇ ಅಜ್ಜಿ?"

ಕುಚ್ಚಕ್ಕ ಕಾಡುಹಂದಿ ಮಾವನನ್ನು ಕರೆದಳು. "ಬೇರು ಗೆಡ್ಡೆ ಎಲ್ಲ ನಿನಗೆ. ಚೊಕ್ಕ ನೆಲ ನನಗೆ."

"ಇಂಥ ಒಳ್ಳೆಯ ಕೆಲಸ ನನಗೆ ಯಾರೂ ಕೊಟ್ಟಿರಲಿಲ್ಲ" ಎಂದು ಮಾವ ಮೂತಿ ಊರಿದ. ಕುಚ್ಚಕ್ಕ ಅವನ ಬೆನ್ನೇರಿ ಕಿವಿ ಹಿಡಿದಳು. "ಎಡಕ್ಕೆ ಮಾವ, ಬಲಕ್ಕೆ ಮಾವ, ಅಯ್ಯೋ ನಿಲ್ಲು ಮಾವ, ಆ ಸಸಿ ನಾಳೆ ನನ್ನ ಅಡುಗೆಮನೆ!" ಸಂಜೆಗೆ ಗುಡ್ಡ ಗುಡಿಸಿದ ಅಂಗಳದಂತಾಯಿತು. ನಡುವೆ ಏಳೇ ಸಸಿಗಳು. ಅವಳು ಕುಣಿದೇ ಕುಣಿದಳು.

ಮಾರನೆಯ ದಿನ ಬಿಸಿಲೇರಿತು. ಸಸಿಗಳು ಒಂದೊಂದಾಗಿ ತಲೆ ಬಾಗಿಸಿದವು. ಕುಚ್ಚಕ್ಕ ಬಾಲವನ್ನು ಹಳ್ಳದಲ್ಲಿ ಅದ್ದಿಕೊಂಡು ಓಡಿ ಬಂದಳು. ಬರುವಷ್ಟರಲ್ಲಿ ಬಾಲ ಒಣಗಿ ಹತ್ತಿಯಾಗಿತ್ತು. ಒಂದು ಸಸಿಗೆ ಬಾಲದ ನೆರಳು ಹಿಡಿದರೆ ಇನ್ನೊಂದು ಬಾಡಿತು. ಅಲ್ಲಿಗೆ ಓಡಿದರೆ ಮತ್ತೊಂದು ಸುಟ್ಟುಹೋಯಿತು. ಮೂರು ದಿನದಲ್ಲಿ ಆರು ಸಸಿ ಹೋದವು.

ಉಳಿದ ಒಂದರ ಮೇಲೆ ಬಾಲ ಬಿಚ್ಚಿ ನಿಂತು, ನೋಡಲು ಬಂದ ಮುಳ್ಳುಹಂದಿ ಅಜ್ಜಿಯ ಮುಂದೆ ಅವಳು ಬಿಕ್ಕಿದಳು. "ಇನ್ನೆಷ್ಟು ದಿನ ಹೀಗೆ ನಿಲ್ಲಬೇಕು ಅಜ್ಜಿ?"

"ಆ ಕಸ ಮತ್ತೆ ಹುಟ್ಟಿ ನಿನ್ನಷ್ಟು ಎತ್ತರ ಆಗುವ ತನಕ."

ಅಂದಿನಿಂದ ಕುಚ್ಚಕ್ಕ ನಿಂತಲ್ಲಿಂದಲೇ, ಗಾಳಿಯಲ್ಲಿ ಹಾರಿ ಬರುವ ಒಂದೊಂದು ಕುರುಚಲು ಬೀಜಕ್ಕೂ, "ಬನ್ನಿ, ಬನ್ನಿ, ನಿಮ್ಮದೇ ಮನೆ ಅಂದುಕೊಂಡು ಕೂತುಕೊಳ್ಳಿ" ಎಂದು ಉಪಚಾರ ಮಾಡತೊಡಗಿದಳು.

ನೀತಿ: ದೊಡ್ಡ ಮರ ಬೇಕೆನ್ನುವವರು, ಅದಕ್ಕೆ ನೆರಳು ಕೊಡುವ ಸಣ್ಣ ಗಿಡವನ್ನು ಕಸವೆಂದು ಕೀಳಬಾರದು.