ಕೌದಿ ಹೊಲಿಯುವವಳ ಕಾಲು

“ಔಷಧ ಬಲ್ಲವನು ರೋಗಿಯ ಮುಂದೆ ‘ನನಗೆ ಗೊತ್ತಿಲ್ಲ’ ಎಂದರೆ ಅವನ ವಿದ್ಯೆಗೆ ಕುಂದಲ್ಲವೇ?” ಎಂದು ಶಿಷ್ಯನು ಕೇಳಿದನು.

ಗುರುಗಳು ಹೇಳಿದರು:

ಚೆನ್ನಬಸಯ್ಯನೆಂಬ ನಾಟಿವೈದ್ಯನಿದ್ದ. ಕಾಲಿನ ಸೆಳೆತಕ್ಕೆ ಅವನ ಕಷಾಯವೆಂದರೆ ಸುತ್ತಲಿನ ಊರುಗಳಿಗೆ ನಂಬಿಕೆ. ಒಂದು ದಿನ ಕೌದಿ ಹೊಲಿಯುವ ಗುರಸಿದ್ದವ್ವ ಗಂಡನೊಡನೆ ಅವನ ಮನೆಗೆ ಬಂದಳು. ಅವಳ ಮೂತ್ರಪಿಂಡಗಳು ಕೆಟ್ಟು ವರ್ಷವಾಗಿತ್ತು. ವಾರಕ್ಕೆರಡು ಸಲ ಪಟ್ಟಣದ ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಮಲಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಮಲಗಲು ಕಾಲು ಬಿಡುತ್ತಿರಲಿಲ್ಲ. ಒದ್ದಾಡಿ ಒದ್ದಾಡಿ, ಎರಡೇ ಗಂಟೆಗೆ ಸೂಜಿ ತೆಗೆಸಿಕೊಂಡು ಎದ್ದುಬಿಡುತ್ತಿದ್ದಳು. ಆಮೇಲೆ ಮೈ ಊದಿ ಉಸಿರು ಕಟ್ಟುತ್ತಿತ್ತು.

“ಕಾಲಿನ ಮೀನಖಂಡದೊಳಗ ಇರುವಿ ಹರಿದಂಗ ಆಗ್ತದರಿ ಅಯ್ಯಾರ. ನಿಮ್ಮ ಕಷಾಯ ಕೊಡ್ರಿ, ಕುಡಿದು ಪಾರಾಗ್ತೀನಿ” ಎಂದಳು.

“ದಿನಕ್ಕ ಎಷ್ಟು ನೀರು ಕುಡೀತಿ, ತಂಗಿ?”

“ಎರಡು ಲೋಟ ಅಷ್ಟರಿ. ಎಳನೀರು, ಬಾಳೆಹಣ್ಣು ಮುಟ್ಟಬ್ಯಾಡ ಅಂದಾರ.”

ಕಷಾಯದ ಸೊಪ್ಪಿಗೆ ಚಾಚಿದ ವೈದ್ಯನ ಕೈ ತಡೆಯಿತು. ನೂರಾರು ಜನರಿಗೆ ಕೊಟ್ಟ ಸೊಪ್ಪು ಅದು. ಆದರೆ ಎಳನೀರನ್ನೂ ತಾಳದ ಮೈಗೆ ಅದು ಏನು ಮಾಡೀತೆಂದು ಅವನಿಗೆ ತಿಳಿಯದು. “ಇದು ನನಗ ಗೊತ್ತಿಲ್ಲ” ಎಂದುಬಿಟ್ಟ. ಕಾಯುತ್ತಿದ್ದವರಲ್ಲಿ ಇಬ್ಬರು ಎದ್ದು ಹೋದರು. ಅವನ ಮುಖ ಸಪ್ಪಗಾಯಿತು.

ಮಾರನೆಯ ದಿನ ಸೊಪ್ಪನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ. ಅವಳ ಡಾಕ್ಟರ ಮುಂದೆ ಅದನ್ನಿಟ್ಟ. ಡಾಕ್ಟರು ಎದ್ದು ಅವನಿಗೆ ಕುರ್ಚಿ ಕೊಟ್ಟರು. “ಕಷಾಯ ಬೇಡ. ಎಳನೀರಿನಂತೆ ಇದರಲ್ಲೂ ಇರುವ ಲವಣವನ್ನು ಆಕೆಯ ಮೈ ಹೊರಹಾಕಲಾರದು, ಎದೆಬಡಿತವೇ ನಿಂತೀತು. ಮೇಲೆ ಹಚ್ಚುವಂಥದ್ದೇನಾದರೂ ಇದ್ದರೆ ಹೇಳಿ” ಎಂದರು. ಗುರಸಿದ್ದವ್ವನ ರಕ್ತ ಪರೀಕ್ಷಿಸಿದಾಗ ಕಬ್ಬಿಣದಂಶ ತೀರ ಇಳಿದಿತ್ತು. ಕಾಲಿನ ಚಡಪಡಿಕೆಗೆ ಅದೂ ಒಂದು ಕಾರಣವೆಂದು ಇಂಜೆಕ್ಷನ್ ಶುರುವಾಯಿತು. ವೈದ್ಯ ಲಾವಂಚ ಹಾಕಿ ಕಾಸಿದ ಎಳ್ಳೆಣ್ಣೆ ಕೊಟ್ಟು, ಕಾಲು ನೀವುವ ಬಗೆಯನ್ನು ಗಂಡನಿಗೆ ಕಲಿಸಿದ.

ಕಾಲು ಪೂರ್ತಿ ಸುಮ್ಮನಾಗಲಿಲ್ಲ, ಸಾಕಾಗುವಷ್ಟು ಸುಮ್ಮನಾಯಿತು. ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ, ಗಂಡ ನೀವುತ್ತಿದ್ದಂತೆ ಗುರಸಿದ್ದವ್ವನಿಗೆ ಯಂತ್ರದ ಪಕ್ಕದಲ್ಲೇ ಕಣ್ಣು ಹತ್ತಿತು. ನಾಲ್ಕು ಗಂಟೆ ಮುಗಿದದ್ದೇ ತಿಳಿಯಲಿಲ್ಲ. ನೋಡಲು ಬಂದ ವೈದ್ಯ ಅವಳನ್ನು ಎಬ್ಬಿಸಲಿಲ್ಲ. ಡಾಕ್ಟರ ಜೊತೆ ಬಾಗಿಲಲ್ಲಿ ತುಸು ಹೊತ್ತು ನಿಂತು, ತೃಪ್ತಿಯಿಂದ ಮನೆಗೆ ಹೋದ.

ಶಿಷ್ಯನು ಯೋಚಿಸಿ, “ಹಾಗಾದರೆ ಗುಣಪಡಿಸಿದ ಹೆಸರು ಯಾರಿಗೆ ಸಲ್ಲಬೇಕು? ವೈದ್ಯನಿಗೋ, ಡಾಕ್ಟರಿಗೋ, ಗಂಡನಿಗೋ?” ಎಂದನು.

“ಅವಳು ನಿದ್ದೆ ಮಾಡುವುದನ್ನು ನೋಡುತ್ತಿದ್ದಾಗ ಆ ಮೂವರಲ್ಲಿ ಯಾರಿಗೂ ಈ ಪ್ರಶ್ನೆ ಹೊಳೆಯಲಿಲ್ಲ” ಎಂದರು ಗುರುಗಳು.