ಗೇರ್ ರಾಡಿನ ಸ್ವಂತ ತೀರ್ಮಾನ

ನಾನು ಕಲ್ಲು ಸಾಗಿಸುವ ಹಳೆಯ ಲಾರಿಯೊಂದರ ಗೇರ್ ರಾಡು. ಘಾಟಿಯ ಬುಡದಲ್ಲಿ ನಮ್ಮಷ್ಟೇ ಭಾರ ಹೊತ್ತು ನಿಂತಿದ್ದ ಹೊಸ ಆಟೋಮ್ಯಾಟಿಕ್ ಲಾರಿಯನ್ನು ಕಂಡು ನಗು ತಡೆಯಲಾಗಲಿಲ್ಲ.

"ಕ್ಲಚ್ ಪೆಡಲೇ ಇಲ್ಲದವನೇ, ಭಾರ ಎಳೆಯುವವನಿಗೆ ಯಾವ ಗೇರೆಂಬ ತೀರ್ಮಾನ ಸ್ವಂತದ್ದಾಗಿರಬೇಕು!" ಎಂದೆ.

"ಇರಬಹುದು ಸ್ವಾಮಿ. ಏರು ಬಂದರೆ ನನಗೆ ತಾನಾಗಿಯೇ ಗೇರು ಇಳಿಯುತ್ತದೆ, ಅಷ್ಟೇ ಗೊತ್ತು," ಎಂದು ಅವನು ಹೊರಟುಹೋದ.

ಮೂರನೇ ತಿರುವಿನಲ್ಲಿ ನಮಗೆ ಎಮ್ಮೆ ಅಡ್ಡ ಬಂತು. ನಿಂತು ಹೊರಡುವಾಗ ಚಾಲಕ ರುದ್ರಮುನಿ ನನ್ನನ್ನು ಒಂದನೇ ಗೇರಿಗೆ ತಳ್ಳಲು ನೋಡಿದ. ಅದು ನನ್ನ ಘನತೆಗೆ ಕಡಿಮೆ ಎನಿಸಿ ಎರಡರಲ್ಲೇ ಬಿಗಿಯಾಗಿ ಕೂತೆ. ಆ ಏರಿನಲ್ಲಿ ಎರಡರಲ್ಲೇ ಭಾರ ಎಳೆಯಹೋಗಿ ಕ್ಲಚ್ ಸುಟ್ಟು ಹೊಗೆಯೆದ್ದಿತು.

"ಹಾಳಾದ ರಾಡು!" ಎಂದು ಬೈಯುತ್ತಾ ರುದ್ರಮುನಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ.

ಅಷ್ಟರಲ್ಲಿ ಆ ಹೊಸ ಲಾರಿ ತನ್ನ ಕಲ್ಲನ್ನು ಘಾಟಿಯ ಮೇಲೆ ಇಳಿಸಿ ವಾಪಸು ಬಂತು. ಸರಪಳಿ ಕಟ್ಟಿ ನಮ್ಮನ್ನು ಮೇಲಕ್ಕೆಳೆಯಿತು. ಹಿಂದಿನಿಂದ ನಾನು, "ಈಗ ಎರಡಕ್ಕೆ ಹಾಕು!" ಎಂದು ಸಲಹೆ ಕೊಡುತ್ತಲೇ ಇದ್ದೆ.

ಮೇಲಿನ ಚಹಾದಂಗಡಿಯಲ್ಲಿದ್ದ ಲಾರಿಗಳು, "ಯಾವ ಗೇರಿನಲ್ಲಿ ಹತ್ತಿದಿರಿ ಯಜಮಾನರೇ?" ಎಂದು ಕೇಳಿದವು.

"ನ್ಯೂಟ್ರಲ್‌ನಲ್ಲಿ. ನನ್ನದೇ ತೀರ್ಮಾನ," ಎಂದೆ.

ಸರಪಳಿ ಎಳೆಯುವ ಮೊದಲು ನನ್ನನ್ನು ಎರಡರಿಂದ ಬಿಡಿಸಿ ನ್ಯೂಟ್ರಲ್‌ಗೆ ತರಲು ರುದ್ರಮುನಿ ಎರಡೂ ಕೈ ಹಾಕಿ ಜಗ್ಗಿದ್ದನ್ನು ಹೇಳಲಿಲ್ಲ.