ಕೂಗಲು ಅಪ್ಪಣೆ

ಹುಲಿಯನ್ನು ಮೊದಲು ಕಂಡದ್ದು ಕರಿಮೋರೆ.

ಕರಿಮೋರೆ ಒಂದು ಮುಸುವ, ಉದ್ದ ಬಾಲದ ಕಪ್ಪು ಮುಖದ ಕೋತಿ. ಕೆರೆಯಂಚಿನ ಮತ್ತಿಮರದ ತುದಿಯಲ್ಲಿ ಚಿಗುರು ತಿನ್ನುತ್ತ ಕುಳಿತಿದ್ದ. ಕೆಳಗೆ ಹುಲ್ಲು ಅಲ್ಲಾಡಿತು. ಗಾಳಿ ಇರಲಿಲ್ಲ. ಆಮೇಲೆ ಹುಲ್ಲಿನ ನಡುವೆ ಪಟ್ಟೆ ಪಟ್ಟೆಯ ಬಾಲ ಕಾಣಿಸಿತು.

ಮರದ ಬುಡದಲ್ಲಿ ಜಿಂಕೆ ಚುಕ್ಕವ್ವ ಅವನು ಉದುರಿಸಿದ ಎಲೆ ಮೇಯುತ್ತಿದ್ದಳು. ಅವಳ ಮರಿ ಸ್ವಲ್ಪ ದೂರದಲ್ಲಿ ನೀರಿಗೆ ಬಾಯಿ ಹಚ್ಚಿತ್ತು. ಹುಲಿಗೂ ಮರಿಗೂ ನಡುವೆ ಇದ್ದದ್ದು ಒಂದು ಕಾರೆಪೊದೆ.

ಕರಿಮೋರೆ ಕೂಗಲು ಬಾಯಿ ತೆರೆದ. ಮುಚ್ಚಿದ.

ಯಾಕೆ ಮುಚ್ಚಿದ ಎಂದು ಹೇಳುತ್ತೇನೆ, ಕೇಳಿ ಮಕ್ಕಳೇ. ಮೊದಲು ಆ ಕಾಡಿನಲ್ಲಿ ಕಂಡವನು ಕೂಗುತ್ತಿದ್ದ, ಕೇಳಿದವನು ಓಡುತ್ತಿದ್ದ. ಕಳೆದ ಹುಣ್ಣಿಮೆಯ ಹೊತ್ತಿಗೆ ಯಾವುದೋ ಮುಸುವ ಒಣಗಿದ ಕೊಂಬೆ ನೋಡಿ ಹುಲಿ ಎಂದು ಕೂಗಿತು. ಇಡೀ ಕಾಡು ಓಡಿತು. ಕಾಡಿಗೆ ಹಿರಿಯಳಾದ ಆನೆ ಭದ್ರಮ್ಮನೂ ಓಡಿದಳು. ಓಡುವಾಗ ಕೆಸರಿನಲ್ಲಿ ಜಾರಿ, ಎಲ್ಲರ ಕಣ್ಣೆದುರು ಕುಕ್ಕರಿಸಿದಳು. ಹಂದಿಗಳು ನಕ್ಕವು.

ಮರುದಿನವೇ ಭದ್ರಮ್ಮ ಸುಧಾರಣೆ ತಂದಳು. ಕೆರೆಯವರು ಏನಾದರೂ ಕಂಡರೆ ನಡುಗುಡ್ಡದ ಕಡವೆ ಕೋಡಣ್ಣನಿಗೆ ಹೇಳಬೇಕು. ಕೋಡಣ್ಣ ವಿಚಾರಿಸಿ, ಗುಡ್ಡದ ನೆತ್ತಿಗೆ ಹತ್ತಿ ಅವಳಿಗೆ ಹೇಳಬೇಕು. ಅವಳು ಘೀಳಿಟ್ಟ ಮೇಲೆ ಎಲ್ಲರೂ ಓಡಬೇಕು. ಅಲ್ಲಿಯ ತನಕ ಯಾರೂ ಬಾಯಿ ಬಿಡಬಾರದು.

"ಕಾಡಿಗೆಲ್ಲ ಒಂದೇ ಕೂಗು," ಎಂದಳು. ಎಲ್ಲರೂ ತಲೆಯಾಡಿಸಿದರು.

ಅದಕ್ಕೇ ಕರಿಮೋರೆ ಬಾಯಿ ಮುಚ್ಚಿದ. ಮರದಿಂದ ಮರಕ್ಕೆ ಹಾರಿ ನಡುಗುಡ್ಡ ಸೇರಿದ.

ಕೋಡಣ್ಣ ನೆರಳಿನಲ್ಲಿ ನಿಂತು ಮೆಲುಕು ಹಾಕುತ್ತಿದ್ದ.

"ಕೋಡಣ್ಣ, ಕೆರೆ ಹತ್ತಿರ ಹುಲಿ."

"ನಿಧಾನ. ಹುಲಿಯೋ ಚಿರತೆಯೋ?"

"ಹುಲಿ."

"ಗಂಡೋ ಹೆಣ್ಣೋ?"

"ಬಾಲ ಎತ್ತಿ ನೋಡಬೇಕಿತ್ತಾ?"

"ಮೇಲೆ ಭದ್ರಮ್ಮಜ್ಜಿ ಕೇಳ್ತಾಳಪ್ಪ. ನಾನೇನು ಹೇಳಲಿ? ಹಸಿದಿದೆಯೋ, ಸುಮ್ಮನೆ ನೀರಿಗೆ ಬಂದಿದೆಯೋ? ಅದನ್ನಾದರೂ ನೋಡಿಕೊಂಡು ಬಾ."

ಕರಿಮೋರೆ ಕೊಂಬೆಯಿಂದ ಕೆಳಗೆ ಕೆರೆಯ ಕಡೆ ನೋಡಿದ. ಕಾರೆಪೊದೆಯ ಹಿಂದೆ ಹುಲಿ ಹೊಟ್ಟೆಯನ್ನು ನೆಲಕ್ಕೆ ಹಚ್ಚಿತ್ತು. ಮರಿ ಇನ್ನೂ ನೀರು ಕುಡಿಯುತ್ತಿತ್ತು. ಚುಕ್ಕವ್ವ ತಲೆ ಎತ್ತಿ, ಖಾಲಿಯಾದ ಮತ್ತಿಮರವನ್ನು ನೋಡಿದಳು. ಮುಸುವ ಎಲ್ಲಿ ಹೋದ ಎಂದು ಅವಳಿಗೆ ತಿಳಿಯಲಿಲ್ಲ.

ಹುಲಿಯ ಹಿಂಗಾಲು ಬಿಗಿಯಾಯಿತು.

"ಖಕ್! ಖಕ್ ಖಕ್!" ಕರಿಮೋರೆ ಕೂಗಿಬಿಟ್ಟ.

ಚುಕ್ಕವ್ವ ತಿರುಗಿ ನೋಡಲೂ ಇಲ್ಲ. ಮರಿಯನ್ನು ಮೂತಿಯಿಂದ ನೂಕಿ ಹಾರಿದಳು. ಹುಲಿ ನೆಗೆದು ಬಿದ್ದ ಜಾಗದಲ್ಲಿ ಕೆಸರು ಮಾತ್ರ ಇತ್ತು. ಅದು ಮುಖ ಒದರಿ, ಬಿದಿರಿನೊಳಗೆ ಮರೆಯಾಯಿತು.

ಕೋಡಣ್ಣನ ಮುಖ ಬಾಡಿತು. "ಅಪ್ಪಣೆಗೆ ಮೊದಲೇ ಕೂಗಿದೆಯಲ್ಲೋ. ಇದನ್ನು ಮೇಲೆ ಹೇಳದೆ ಇರೋಕಾಗಲ್ಲ."

ಸಂಜೆ ಗುಡ್ಡದ ನೆತ್ತಿಯಲ್ಲಿ ವಿಚಾರಣೆ. ಕರಿಮೋರೆಯನ್ನು ನೆಲ್ಲಿಮರದ ಮೇಲೆ ಕೂರಿಸಿದರು. ಆನೆಗಳು ಒಂದು ಕಡೆ, ಜಿಂಕೆಗಳು ಇನ್ನೊಂದು ಕಡೆ. ಭದ್ರಮ್ಮನ ಮೊಮ್ಮಗ ಗುಂಡನಿಗೆ ವಿಚಾರಣೆ ಬೇಸರ. ಅವನು ಹಿಂದೆ ಸರಿದು, ಬಿದಿರುಮೆಳೆಯ ಪಕ್ಕ ಮಣ್ಣು ಎರಚಿಕೊಂಡು ಆಡುತ್ತಿದ್ದ.

"ಕೂಗಿದೆಯಾ?" ಭದ್ರಮ್ಮ ಕೇಳಿದಳು.

"ಕೂಗಿದೆ ಅಜ್ಜಿ."

"ಯಾರ ಅಪ್ಪಣೆ?"

"ಅಪ್ಪಣೆಗೆ ಪುರುಸೊತ್ತಿರಲಿಲ್ಲ."

ಚುಕ್ಕವ್ವ ಮುಂದೆ ಬಂದಳು. "ನನ್ನ ಮರಿ ಉಳಿಯಿತು. ಅಷ್ಟು ಸಾಲದಾ ಅಜ್ಜಿ?"

"ಇವತ್ತು ಉಳಿಯಿತು ತಾಯಿ. ನಾಳೆ ಇವನು ಒಣಗಿದ ಎಲೆ ನೋಡಿ ಕೂಗ್ತಾನೆ. ನಿನ್ನ ಮರಿ ಓಡುವಾಗ ಕಾಲು ಮುರ್ಕೊಳ್ಳುತ್ತೆ. ಆಗ ಯಾರನ್ನು ಕೇಳ್ತೀಯ? ಕಂಡಕಂಡವರೆಲ್ಲ ಕೂಗಿದರೆ ಇದು ಕಾಡಲ್ಲ, ಸಂತೆ."

ಚುಕ್ಕವ್ವ ಹಿಂದೆ ಸರಿದು ಮರಿಯ ಪಕ್ಕ ನಿಂತಳು.

"ಕೇಳು ಕರಿಮೋರೆ. ಇನ್ನೊಂದು ಸಲ ನನ್ನನ್ನು ಕೇಳದೆ ಕೂಗಿದರೆ ಈ ಕಾಡು ಬಿಟ್ಟು ಹೋಗಬೇಕು."

ಕರಿಮೋರೆ ತಲೆ ತಗ್ಗಿಸಿದ. ತಗ್ಗಿಸಿದ ತಲೆ ಹಾಗೇ ನಿಂತಿತು.

ಬಿದಿರುಮೆಳೆಯ ಹಿಂದೆ ಪಟ್ಟೆಗಳು ಕದಲುತ್ತಿದ್ದವು. ಬೆಳಿಗ್ಗೆ ಬೇಟೆ ತಪ್ಪಿದ ಹುಲಿ. ಗಾಳಿ ಆನೆಗಳ ಕಡೆಯಿಂದ ಅದರ ಕಡೆಗೆ ಬೀಸುತ್ತಿತ್ತು. ಆನೆಗಳಿಗೆ ವಾಸನೆ ಹತ್ತಿರಲಿಲ್ಲ. ಗುಂಡ ಇನ್ನೊಂದು ಸೊಂಡಿಲು ಮಣ್ಣು ಎರಚಿಕೊಂಡ.

ಕರಿಮೋರೆ ಕೆಳಗಿನ ಕೊಂಬೆಗೆ ಇಳಿದು, ಮರದ ಬುಡದಲ್ಲಿ ನಿಂತಿದ್ದ ಕೋಡಣ್ಣನಿಗೆ ಪಿಸುಗುಟ್ಟಿದ. "ಕೋಡಣ್ಣ, ಮೆಳೆ ಹಿಂದೆ ಹುಲಿ. ಅಜ್ಜಿಗೆ ಹೇಳು."

"ಸುಮ್ಮನಿರೋ. ವಿಚಾರಣೆ ಮುಗೀಲಿ."

"ಗುಂಡ ಅಲ್ಲೇ ಇದ್ದಾನೆ."

"ನಿನ್ನ ವಿಚಾರಣೇಲೇ ನೀನು ಸುದ್ದಿ ತಂದರೆ ಯಾರು ನಂಬ್ತಾರೆ? ತಪ್ಪಿಸ್ಕೊಳ್ಳೋಕೆ ಹೇಳ್ತಿದ್ದಾನೆ ಅಂತಾರೆ. ನನಗೂ ಬೈಗುಳ."

ಕರಿಮೋರೆ ಭದ್ರಮ್ಮನ ಕಡೆ ತಿರುಗಿದ. "ಅಜ್ಜಿ, ಒಂದು ಮಾತು."

"ಕೋಡಣ್ಣನಿಗೆ ಹೇಳು. ಅವನು ನನಗೆ ಹೇಳ್ತಾನೆ."

ಕೋಡಣ್ಣ ನೆಲ ನೋಡಿದ.

ಮೆಳೆಯಲ್ಲಿ ಒಂದು ಬಿದಿರು ಬಾಗಿತು. ಕರಿಮೋರೆ ತನ್ನ ಮತ್ತಿಮರವನ್ನು ನೆನೆದ. ಮೇಲಿನ ಕೊಂಬೆಗೆ ಹಾರಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದ.

"ಖಕ್! ಖಕ್ ಖಕ್ ಖಕ್!"

ಜಿಂಕೆಗಳು ಆ ದನಿ ಬಲ್ಲವು. ಕೂಗು ಮುಗಿಯುವುದರೊಳಗೆ ಚುಕ್ಕವ್ವ, ಅವಳ ಮರಿ, ಇಡೀ ಹಿಂಡು ಇಳಿಜಾರಿನಲ್ಲಿದ್ದವು.

ಆನೆಗಳು ಕದಲಲಿಲ್ಲ. ಅವು ಭದ್ರಮ್ಮನ ಮುಖ ನೋಡಿದವು. ಅವಳು ಘೀಳಿಟ್ಟಿರಲಿಲ್ಲ.

ಭದ್ರಮ್ಮ ಮೆಳೆಯ ಕಡೆ ನೋಡಲಿಲ್ಲ. ಮರದ ಕಡೆ ನೋಡಿದಳು. "ನನ್ನೆದುರೇ ಕೂಗ್ತೀಯಾ?" ಎಂದು ನೆಲ್ಲಿಮರಕ್ಕೆ ಸೊಂಡಿಲು ಸುತ್ತಿ ಅಲ್ಲಾಡಿಸಿದಳು. ಕಾಯಿಗಳು ಅವಳ ತಲೆಯ ಮೇಲೆ ಉದುರಿದವು. ಕರಿಮೋರೆ ಕೊಂಬೆ ಅವುಚಿಕೊಂಡು ಕೂಗುತ್ತಲೇ ಇದ್ದ.

ಹಿಂದೆ ಬಿದಿರು ಮುರಿದ ಸದ್ದು. ಗುಂಡ ಒಂದೇ ಸಲ ಕಿರುಚಿದ.

ಆಮೇಲೆ ಭದ್ರಮ್ಮ ಘೀಳಿಟ್ಟಳು. ಎಲ್ಲ ಆನೆಗಳೂ ಮೆಳೆಯ ಕಡೆ ಓಡಿದವು. ಹುಲಿ ಹೆದರಿ ಮೆಳೆಯೊಳಗೆ ಹಾರಿತು. ಗುಂಡ ಮಣ್ಣಿನ ಮೇಲೆ ಮಲಗಿದ್ದ. ಮತ್ತೆ ಏಳಲಿಲ್ಲ.

ಭದ್ರಮ್ಮ ಬೆಳಗಿನ ತನಕ ಅವನ ಪಕ್ಕ ನಿಂತಿದ್ದಳು. ಅವನ ಮೇಲೆ ಸೊಪ್ಪು ಹಾಕಿದಳು. ಬಿಸಿಲೇರಿದ ಮೇಲೆ ನೆಲ್ಲಿಮರದ ಬುಡಕ್ಕೆ ಬಂದಳು. ಕರಿಮೋರೆ ಅಲ್ಲೇ ಇದ್ದ. ಕಾಡು ಬಿಟ್ಟು ಹೋಗಲು ಅಪ್ಪಣೆಗೆ ಕಾಯುತ್ತಿದ್ದ.

"ನೀನು ಕಂಡಿದ್ದೆ," ಎಂದಳು.

"ಕಂಡಿದ್ದೆ ಅಜ್ಜಿ."

"ಕೂಗಿದೆ."

"ಕೂಗಿದೆ."

ಭದ್ರಮ್ಮ ಕೆರೆಯ ಕಡೆ ಸೊಂಡಿಲು ಚಾಚಿದಳು.

"ಕೆರೆಗೆ ಹೋಗು. ಹುಲ್ಲಿನಲ್ಲಿ ಇರೋದು ನಿನಗೆ ಕಾಣುತ್ತೆ. ಕಂಡರೆ ಕೂಗು, ನನ್ನನ್ನು ಕೇಳಬೇಡ. ಕಾಳ್ಗಿಚ್ಚು ಬಂದರೆ ನಾನು ಘೀಳಿಡ್ತೀನಿ. ಅದು ನೆತ್ತಿಯಿಂದ ನನಗೆ ಕಾಣುತ್ತೆ."

ಪಕ್ಕದಲ್ಲೇ ನಿಂತಿದ್ದ ಕೋಡಣ್ಣ ಮೆಲ್ಲಗೆ ಕೇಳಿದ. "ಹಾಗಾದರೆ ನನ್ನ ಕೆಲಸ?"

"ನಿನಗೂ ಗಂಟಲಿದೆ. ಇವನ ಕೂಗು ಕೇಳಿದರೆ ನೀನೂ ಕೂಗು. ಪ್ರಶ್ನೆ ಆಮೇಲೆ ಕೇಳು."

ಕರಿಮೋರೆ ಕೆರೆಗೆ ಹೋದ. ಮತ್ತಿಮರ ಹತ್ತಿದ. ಕೆಳಗೆ ಚುಕ್ಕವ್ವ ಮರಿಯೊಂದಿಗೆ ಬಂದು ನಿಂತಳು. ಅವನು ಎಲೆ ಉದುರಿಸಿದ. ಅವಳು ಮೇಯ್ದಳು.

ನೀತಿ: ಅಪಾಯ ಅಪ್ಪಣೆಗೆ ಕಾಯುವುದಿಲ್ಲ, ಕಂಡವನಿಗೇ ಕೂಗುವ ಅಧಿಕಾರ ಕೊಡಬೇಕು, ಮೇಲಿರುವವರು ಆ ಕೂಗನ್ನು ನಂಬಬೇಕು.